ನಂಬರ್ ಪ್ರಕಾರ ಕಟ್ಟಿದ ಮನೆ

— ಬೀಳುವುದು, ಏಳುವುದು, ಮತ್ತೆ ಬೀಳುವುದು. ಇಪ್ಪತ್ತು ಚಿಲ್ಲರೆ ನಿಮಿಷ ಅದನ್ನೇ ನೋಡಿದೆವು. ನಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನಕ್ಕೆ. ಆದರೆ 1920ರ ಒಂದು ಮೂಕಿ ಕಿರುಚಿತ್ರದ ಬಗ್ಗೆ ಈಗ ಕೂತು ಚರ್ಚೆ ಮಾಡುವಂಥದ್ದು ಏನಿದೆ?

— ಎಲ್ಲಿ ನಕ್ಕಿರಿ ಹೇಳಿ. ಅಲ್ಲಿಂದಲೇ ಶುರು ಮಾಡೋಣ.

— ಮನೆ ಮೊದಲ ಸಲ ಪೂರ್ತಿಯಾಗಿ ಕಾಣಿಸಿತಲ್ಲ, ಆಗ. ಕಿಟಕಿಗಳೆಲ್ಲ ಓರೆ. ಒಂದು ಮೂಲೆಗೂ ಇನ್ನೊಂದು ಮೂಲೆಗೂ ಮಾತುಕತೆಯೇ ಇಲ್ಲ. ಮೇಲಿನ ಮಹಡಿಯಲ್ಲೊಂದು ಬಾಗಿಲು, ಅದರಾಚೆ ಮೆಟ್ಟಿಲೂ ಇಲ್ಲ, ಬಾಲ್ಕನಿಯೂ ಇಲ್ಲ, ಬರೀ ಗಾಳಿ. ಕಟ್ಟಡದ ಕೆಲಸದಲ್ಲಿ ಅರ್ಧ ಆಯಸ್ಸು ಕಳೆದವನು ನಾನು. ಸೈಟುಗಳಲ್ಲಿ ಏನೇನೋ ಅವಾಂತರ ನೋಡಿದ್ದೇನೆ. ಅಂಥದ್ದನ್ನು ನೋಡಿರಲಿಲ್ಲ.

— ಆ ಶಾಟ್‌ನಲ್ಲಿ ಯಾರೂ ಬೀಳುವುದಿಲ್ಲ. ಯಾರೂ ಓಡುವುದಿಲ್ಲ, ಯಾರ ಮುಖಕ್ಕೂ ಕ್ರೀಮು ಬಳಿಯುವುದಿಲ್ಲ. ಒಂದು ಮನೆ ಸುಮ್ಮನೆ ನಿಂತಿದೆ. ನೀವು ನಕ್ಕಿದ್ದು ಅದಕ್ಕೆ. ಬೀಳುವುದಕ್ಕೆ ಅಲ್ಲ.

— ಸಿಕ್ಕಿಹಾಕಿಸಿಬಿಟ್ಟಿರಿ. ಸರಿ, ಮುಂದೆ ಹೇಳಿ.

— ಚಿತ್ರದ ಹೆಸರು ‘ಒನ್ ವೀಕ್’. ಬಸ್ಟರ್ ಕೀಟನ್ ತನ್ನದೇ ಸ್ಟುಡಿಯೋ, ತನ್ನದೇ ತಂಡ ಅಂತ ಮಾಡಿಕೊಂಡು ಬಿಡುಗಡೆ ಮಾಡಿದ ಮೊದಲ ಚಿತ್ರ. 1920ರ ಸೆಪ್ಟೆಂಬರ್‌ನಲ್ಲಿ ತೆರೆಕಂಡಿತು. ಎಡ್ವರ್ಡ್ ಕ್ಲೈನ್ ಜೊತೆ ಸೇರಿ ನಿರ್ದೇಶಿಸಿದ್ದು. ಎರಡು ರೀಲಿನ ಚಿತ್ರ. ಕಥೆ ಕೇಳಿದರೆ ಒಂದು ಅಂಚೆಕಾರ್ಡಿನಲ್ಲಿ ಬರೆಯಬಹುದು. ಹೊಸದಾಗಿ ಮದುವೆಯಾದ ಜೋಡಿಗೆ ಚಿಕ್ಕಪ್ಪನೊಬ್ಬ ಒಂದು ನಿವೇಶನ, ಜೊತೆಗೆ ಪೆಟ್ಟಿಗೆಗಳಲ್ಲಿ ತುಂಬಿದ ಒಂದು ಮನೆಯನ್ನು ಉಡುಗೊರೆ ಕೊಡುತ್ತಾನೆ. ಪೆಟ್ಟಿಗೆಯ ಮೇಲಿನ ನಂಬರ್ ಪ್ರಕಾರ ಜೋಡಿಸುತ್ತಾ ಹೋದರೆ ಮನೆ ತಯಾರು. ಆ ಹುಡುಗಿಯನ್ನು ಬಯಸಿ ನಿರಾಶನಾದ ಒಬ್ಬ ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ ಬಣ್ಣದ ಕುಂಚ ಹಿಡಿದು ನಂಬರುಗಳನ್ನು ತಿದ್ದುತ್ತಾನೆ. ಸೋಮವಾರದಿಂದ ಒಂದು ವಾರ ಕ್ಯಾಲೆಂಡರಿನ ಹಾಳೆ ಹರಿಯುತ್ತಾ ಹೋಗುತ್ತದೆ.

— ಮನೆ ಕಟ್ಟಿ ನೋಡು, ಮದುವೆ...

— ದಯವಿಟ್ಟು ಆ ಗಾದೆ ಬೇಡ. ಈ ಚಿತ್ರ ನೋಡಿದ ಕನ್ನಡದವರೆಲ್ಲ ಅದನ್ನೇ ಹೇಳುತ್ತಾರೆ.

— ಹೇಳದೆ ಇರುವುದು ಹೇಗೆ? ಎರಡನ್ನೂ ಒಂದೇ ವಾರದಲ್ಲಿ ಮಾಡಿದ್ದಾನೆ.

— ಗಾದೆ ಕಷ್ಟದ ಬಗ್ಗೆ ಹೇಳುತ್ತದೆ. ದುಡ್ಡು ಸಾಲದು, ನೆಂಟರು ಮುನಿಸಿಕೊಳ್ಳುತ್ತಾರೆ, ಮೇಸ್ತ್ರಿ ಕೈಕೊಡುತ್ತಾನೆ. ಇಲ್ಲಿ ಅಂಥ ಯಾವ ಕಷ್ಟವೂ ಇಲ್ಲ, ಗಮನಿಸಿದಿರಾ? ಕೆಲಸ ಸಲೀಸಾಗಿ ನಡೆಯುತ್ತದೆ. ಗಂಡನ ಪಾತ್ರ ಮಾಡಿದ ಬಸ್ಟರ್ ಸೋಮಾರಿಯಲ್ಲ, ದಡ್ಡನೂ ಅಲ್ಲ. ಮೊಳೆ ಹೊಡೆಯಲು ಬರುತ್ತದೆ, ಗರಗಸ ಹಿಡಿಯಲು ಬರುತ್ತದೆ. ಒಪ್ಪವಾಗಿ, ಸೂಚನೆ ಓದಿಕೊಂಡು, ಹೇಳಿದ ಹಾಗೆ ಮಾಡುತ್ತಾನೆ. ಆ ವಿಧೇಯತೆಯಿಂದಲೇ ಅಂಥ ಮನೆ ಏಳುತ್ತದೆ.

— ಗರಗಸ ಹಿಡಿಯಲು ಬರುತ್ತದೆ ಅನ್ನಬೇಡಿ. ತಾನು ಕೂತ ಹಲಗೆಯನ್ನೇ ಕೊಯ್ದುಕೊಂಡು ಬೀಳುತ್ತಾನಲ್ಲ.

— ಅದೊಂದು ಹಳೇ ಜೋಕು. ಕಾಳಿದಾಸನ ಕಥೆ ಹೇಳುವಾಗ ನಮ್ಮ ಅಜ್ಜಿಯರೂ ಹೇಳುತ್ತಿದ್ದದ್ದು. ಆ ಒಂದನ್ನು ಕೀಟನ್‌ಗೆ ಮಾಫಿ ಮಾಡಿ.

— ಮಾಫಿ. ಆದರೆ ನನಗೊಂದು ಸಂಶಯ. ಪೆಟ್ಟಿಗೆಯಲ್ಲಿ ಮನೆ ಬರುವುದು ಬರೀ ಸಿನಿಮಾದ ಕಲ್ಪನೆಯೋ, ನಿಜವಾಗಿ ಹಾಗೆ ಮಾರುತ್ತಿದ್ದರೋ?

— ಅಂಗಡಿಯಲ್ಲಿ ಅಂಗಿ ಮಾರಿದ ಹಾಗೆ ಮಾರುತ್ತಿದ್ದರು. ಶಿಕಾಗೋದ ಸಿಯರ್ಸ್ ರೋಬಕ್ ಕಂಪನಿ ಅಂಚೆ ಮೂಲಕ ಸೂಜಿಯಿಂದ ಹಿಡಿದು ಒಲೆವರೆಗೆ ಎಲ್ಲ ಮಾರುತ್ತಿತ್ತು. 1908ರಿಂದ ಮನೆಗಳ ಕ್ಯಾಟಲಾಗನ್ನೂ ಹೊರತಂದಿತು. 1940ರವರೆಗೆ ನಡೆದ ಆ ವ್ಯಾಪಾರದಲ್ಲಿ ಸುಮಾರು 70,000 ಮನೆಗಳು ಮಾರಾಟವಾದವು ಅನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅದಕ್ಕೂ ಮೊದಲೇ, 1906ರಲ್ಲಿ, ಮಿಷಿಗನ್ನಿನ ಬೇ ಸಿಟಿಯಲ್ಲಿ ಅಲಾದ್ದೀನ್ ಅನ್ನುವ ಕಂಪನಿ ಇದೇ ಕೆಲಸಕ್ಕೆ ಇಳಿದಿತ್ತು. ಹೆಸರು ನೋಡಿ, ದೀಪ ಉಜ್ಜಿದರೆ ಅರಮನೆ! ಸಿಯರ್ಸ್ ಮನೆಗಳು ರೈಲಿನ ಗೂಡ್ಸ್ ಬೋಗಿಯಲ್ಲಿ ಬರುತ್ತಿದ್ದವು. ಒಂದು ಮನೆಗೆ ಸುಮಾರು 30,000 ಬಿಡಿಭಾಗ. ತೊಲೆ, ಹಲಗೆಗಳನ್ನು ಅಳತೆಗೆ ಕತ್ತರಿಸಿ ಗುರುತು ಹಾಕಿ ಕಳಿಸುತ್ತಿದ್ದರು. ಜೊತೆಗೊಂದು ಸೂಚನೆಗಳ ಪುಸ್ತಕ. ಸಾಧಾರಣ ಕೈಚಳಕ ಇರುವವನು 90 ದಿನದಲ್ಲಿ ಕಟ್ಟಿ ಮುಗಿಸಬಹುದು ಅನ್ನುವ ಭರವಸೆ.

— ತೊಂಬತ್ತು ದಿನ! ಇಲ್ಲಿ ಒಬ್ಬನೇ ಒಬ್ಬ ಗಂಡ, ಒಂದು ವಾರ.

— ಕೀಟನ್‌ಗೆ ಈ ಚಿತ್ರಕ್ಕೆ ಒಂದು ಮೂಲವೂ ಸಿಕ್ಕಿತ್ತು. ಫೋರ್ಡ್ ಕಾರು ಕಂಪನಿಗೆ ಆಗ ಸ್ವಂತ ಸಿನಿಮಾ ವಿಭಾಗವಿತ್ತು, ಪ್ರಚಾರ ಚಿತ್ರ, ಶೈಕ್ಷಣಿಕ ಚಿತ್ರ ಮಾಡುತ್ತಿತ್ತು. 1919ರಲ್ಲಿ ‘ಹೋಮ್ ಮೇಡ್’ ಅಂತ ಒಂದು ಚಿತ್ರ ತಯಾರಿಸಿದರು. ಮೊದಲೇ ತಯಾರಾದ ಭಾಗಗಳಿಂದ ಮನೆ ಕಟ್ಟುವುದು ಎಷ್ಟು ಸುಲಭ ಅಂತ ತೋರಿಸುವ ಪಾಠ. ಅದರಲ್ಲೂ ಮದುವೆ ಇದೆ, ಫೋರ್ಡ್‌ನ ಮಾಡೆಲ್ ಟಿ ಕಾರು ಇದೆ, ದಿನ ದಾಟಿದ್ದನ್ನು ತೋರಿಸಲು ಕ್ಯಾಲೆಂಡರಿನ ಹಾಳೆಗಳೂ ಇವೆ. ಕೀಟನ್ ಅವನ್ನೆಲ್ಲ ಹಾಗೆ ಹಾಗೇ ಎತ್ತಿಕೊಂಡ. ಪಾಠವನ್ನು ಗೇಲಿ ಮಾಡುವವರು ಅದನ್ನು ವಿಕಾರ ಮಾಡಿ ತೋರಿಸುವುದು ರೂಢಿ. ಇವನು ಹಾಗೆ ಮಾಡಲಿಲ್ಲ. ಪಾಠವನ್ನು ಇದ್ದಂತೆಯೇ ಇಟ್ಟು, ಒಂದೆರಡು ನಂಬರನ್ನಷ್ಟೇ ಬದಲಾಯಿಸಿದ.

— ಈಗ ನನಗೆ ಸ್ವಲ್ಪ ರುಚಿ ಹತ್ತುತ್ತಿದೆ. ಆದರೆ ಒಂದು ತಕರಾರು. ಗೋಡೆ ಸೊಟ್ಟಗಾಗುತ್ತಿದೆ ಅಂತ ಕಣ್ಣಿಗೆ ಕಾಣುವಾಗ ಅವನು ನಿಲ್ಲಿಸಬೇಕಿತ್ತು. ಯಾವ ಮನುಷ್ಯ ಅಡಿಗೆಮನೆಯ ಸಿಂಕನ್ನು ಗೋಡೆಯ ಹೊರಗೆ ಬಿಟ್ಟು ಮುಂದಿನ ಪೆಟ್ಟಿಗೆ ತೆರೆಯುತ್ತಾನೆ?

— ನಿಮ್ಮ ಸೈಟಿನಲ್ಲಿ ಯಾರೂ ಹಾಗೆ ಮಾಡಿಲ್ಲವೇ?

— ...ಡ್ರಾಯಿಂಗಿನಲ್ಲಿ ಇದ್ದಂತೆಯೇ ಕಟ್ಟಿದೀವಿ ಸಾರ್. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ತೊಲೆಯ ಕೆಳಗೆ ಬಾಗಿಲು ಬಂದು ಅರ್ಧವೇ ತೆರೆಯುತ್ತದೆ, ಕೇಳಿದರೆ ಕಾಗದ ಬಿಚ್ಚಿ ತೋರಿಸುತ್ತಾರೆ. ಕಾಗದ ಸರಿ ಇದ್ದರೆ ಬಾಗಿಲೂ ಸರಿ ಇರಲೇಬೇಕು ಅನ್ನುವ ಧೈರ್ಯ. ಅವರನ್ನು ಮಾತ್ರ ಬೈದರೆ ತಪ್ಪಾಗುತ್ತದೆ. ಕಾಗದ ಬಿಟ್ಟು ಸ್ವಂತ ಬುದ್ಧಿ ಉಪಯೋಗಿಸಿದವನನ್ನೂ ನಾವು ಬೈದಿರುತ್ತೇವೆ.

— ನಾನು ಹೇಳಬೇಕೆಂದಿದ್ದೂ ಅದೇ. ಈ ಚಿತ್ರ ಮೊದಲಿನಿಂದ ಕೊನೆಯವರೆಗೆ ಅಂಕೆಗಳ ಮೇಲಿನ ನಂಬಿಕೆಯ ಕಥೆ. ಪೆಟ್ಟಿಗೆಯ ನಂಬರ್ ಒಂದು. ಕ್ಯಾಲೆಂಡರಿನ ತಾರೀಖು ಇನ್ನೊಂದು: ಗೃಹಪ್ರವೇಶದ ಔತಣ ಇಟ್ಟುಕೊಂಡದ್ದು 13ನೇ ತಾರೀಖು ಶುಕ್ರವಾರ, ಅವರ ಪಾಲಿಗೆ ಶುದ್ಧ ಅಮಂಗಳ ದಿನ. ಮೂರನೆಯದು ನಿವೇಶನದ ನಂಬರ್. ಎಲ್ಲ ಕಷ್ಟಪಟ್ಟು ಮುಗಿದ ಮೇಲೆ ಒಬ್ಬ ಬಂದು, ನೀವು ಮನೆ ಕಟ್ಟಿದ ಜಾಗವೇ ತಪ್ಪು, ನಿಮ್ಮ ಸೈಟು ರೈಲು ಹಳಿಯ ಆಚೆ ಇದೆ ಅನ್ನುತ್ತಾನೆ. ಫಲಕ ತಲೆಕೆಳಗಾಗಿ 99 ಯಾವುದು 66 ಯಾವುದು ಅಂತ ತಿಳಿಯದೆ ಹೋದದ್ದು. ಮೊದಲ ನಂಬರನ್ನು ಕೆಡಿಸಿದ್ದು ದ್ವೇಷ. ಈ ಕೊನೆಯ ನಂಬರನ್ನು ಯಾರೂ ಕೆಡಿಸಿಲ್ಲ, ಯಾರ ಹೊಟ್ಟೆಕಿಚ್ಚೂ ಇಲ್ಲ. ಒಂದು ಮೊಳೆ ಸಡಿಲವಾಗಿದ್ದರೆ ಸಾಕು.

— ಅಂದರೆ ಆ ಖಳನಾಯಕ ಬೇಕೇ ಇರಲಿಲ್ಲ ಅನ್ನುತ್ತೀರಿ.

— ಬೇಕಿತ್ತು, ಮೊದಲ ಅರ್ಧಕ್ಕೆ. ಆಮೇಲೆ ಕೀಟನ್‌ಗೇ ಅವನ ಬಗ್ಗೆ ಆಸಕ್ತಿ ಹೊರಟುಹೋಗುತ್ತದೆ. ನಿಜ ಹೇಳಬೇಕೆಂದರೆ ಆ ಪಾತ್ರ ಬಡಕಲು. ಅವನನ್ನು ಒಳ್ಳೆಯ ಕೆಲಸಕ್ಕೆ ಬಳಸಿಕೊಂಡದ್ದು ಒಂದೇ ಕಡೆ, ಪಿಯಾನೊ ಪ್ರಸಂಗದಲ್ಲಿ.

— ಅದು ಅದ್ಭುತ! ದೈತ್ಯನೊಬ್ಬ ಪಿಯಾನೊವನ್ನು ಹೆಗಲ ಮೇಲೆ ಹೊತ್ತು, ಸೌದೆ ಹೊರೆ ತಂದಂತೆ ತರುತ್ತಾನೆ. ಇವನ ಕೈಗೆ ಕೊಟ್ಟ ತಕ್ಷಣ ಇವನು ಅದರ ಅಡಿಗೆ!

— ಆ ದೈತ್ಯ ಜೋ ರಾಬರ್ಟ್ಸ್. ಮುಂದೆ ಕೀಟನ್‌ನ ಬಹುಪಾಲು ಕಿರುಚಿತ್ರಗಳಲ್ಲಿ ಬರುತ್ತಾನೆ.

— ಆಮೇಲೆ ಹಗ್ಗವನ್ನು ಚಾವಣಿಯ ದೀಪದ ಕೊಂಡಿಗೆ ಕಟ್ಟಿ ಪಿಯಾನೊ ಒಳಗೆ ಎಳೆಯುತ್ತಾನೆ. ಪಿಯಾನೊ ಬರುವ ಬದಲು ಚಾವಣಿ ಕೆಳಗೆ ಜಗ್ಗುತ್ತದೆ. ಮೇಲಿನ ಕೋಣೆಯಲ್ಲಿ ನಿಂತ ಆ ಖಳ ನೆಲದ ಜೊತೆಗೇ ಕೆಳಗಿಳಿಯುತ್ತಾನೆ. ಹಗ್ಗ ಸಡಿಲವಾದಾಗ ನೆಲ ಬಿಲ್ಲಿನಂತೆ ಚಿಮ್ಮಿ ಅವನ ತಲೆ ಹೆಂಚು ಸೀಳಿ ಹೊರಗೆ. ಎಂಜಿನಿಯರ್ ಆಗಿ ಹೇಳುತ್ತೇನೆ, ಅದು ಸರಿಯಾದ ಲೆಕ್ಕ. ನೆಲ ಬಾಗಿದರೆ ಬಾಗಿದಷ್ಟು ಶಕ್ತಿ ಅದರಲ್ಲಿ ಕೂಡಿರುತ್ತದೆ. ಎಷ್ಟು ಬಾಗಬೇಕು ಅನ್ನುವುದರಲ್ಲಿ ಮಾತ್ರ ಸ್ವಲ್ಪ ಧಾರಾಳವಾಗಿದ್ದಾನೆ.

— ಇಡೀ ಚಿತ್ರದಲ್ಲಿ ಹಾಗೆ ನಿಮ್ಮ ಕಣ್ಣಿಗೆ ಬಿದ್ದದ್ದು ಇನ್ನೇನಿದೆ?

— ಬಹಳ ಇದೆ. ಮರದ ಚೌಕಟ್ಟಿಗೆ ಓರೆ ಪಟ್ಟಿ ಹೊಡೆಯದಿದ್ದರೆ ಚೌಕ ಚೌಕವಾಗಿ ಉಳಿಯುವುದಿಲ್ಲ, ವಾಲುತ್ತದೆ. ಬಲ ಇರುವುದು ತ್ರಿಕೋನಕ್ಕೆ. ಆ ಮನೆಯ ಗೋಡೆಗಳು ವಾಲಿರುವುದು ಹಾಗೇ. ಆಮೇಲೆ ಅವನು ಮನೆಯನ್ನು ತಳಪಾಯಕ್ಕೆ ಕಟ್ಟಿಲ್ಲ, ನೆಲದ ಮೇಲೆ ಇಟ್ಟಿದ್ದಾನೆ ಅಷ್ಟೇ. ಮರದ ಮನೆ ಹಗುರ, ಬಿರುಗಾಳಿ ಬಂದಾಗ ಅದು ಕೂತ ಜಾಗದಲ್ಲಿ ನಿಲ್ಲಬೇಕಾದರೆ ಕೆಳಗಿನಿಂದ ಹಿಡಿದಿರಬೇಕು. ಶುಕ್ರವಾರದ ಗಾಳಿಗೆ ಅದು ತಿರುಗಲು ಶುರುವಾದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಗಿರಿಗಿಟ್ಟೆಯ ವೇಗದಲ್ಲಿ ತಿರುಗಿದಾಗ ಮಾತ್ರ ಆಯಿತು. ಅದನ್ನು ಹೇಗೆ ತೆಗೆದರು?

— ಮನೆಯನ್ನು ನಿಜವಾಗಿ ಕಟ್ಟಿದರು, ದೊಡ್ಡ ತಿರುಗುಮೇಜಿನ ಮೇಲೆ. ಇಡೀ ಮನೆ, ಒಳಗೆ ಜನ, ಎಲ್ಲ ಸೇರಿ ತಿರುಗಿತು. ಮಾದರಿ ಗೊಂಬೆಮನೆ ಬಳಸಿಲ್ಲ. ಕೀಟನ್‌ನ ಯಂತ್ರ, ಕಟ್ಟಡಗಳ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಫ್ರೆಡ್ ಗಬೂರಿ.

— ಆ ಗಬೂರಿಗೆ ನನ್ನ ನಮಸ್ಕಾರ. ನೆಟ್ಟಗಿರುವ ಮನೆ ಕಟ್ಟುವುದು ಯಾರಿಗಾದರೂ ಬರುತ್ತದೆ. ಸೊಟ್ಟಗೆ ಕಂಡೂ ಬೀಳದೆ, ಮೇಲೆ ಜನ ಹತ್ತಿದರೂ ತಡೆದು, ಬೇಕೆಂದಾಗ ತಿರುಗಿ, ಬೇಕಾದ ಗೋಡೆ ಮಾತ್ರ ಬೇಕಾದ ಕ್ಷಣದಲ್ಲಿ ಕಳಚಿಕೊಳ್ಳುವ ಮನೆ ಕಟ್ಟಬೇಕಾದರೆ ನಿಜವಾದ ಮನೆಗಿಂತ ಎರಡರಷ್ಟು ಗಟ್ಟಿ ಇರಬೇಕು.

— ಆ ತಿರುಗುವ ದೃಶ್ಯದಲ್ಲಿ ಬಸ್ಟರ್ ಹೊರಗಿದ್ದಾನೆ. ಒಳಗೆ ಅತಿಥಿಗಳು ಗೋಡೆಯಿಂದ ಗೋಡೆಗೆ ಉರುಳುತ್ತಿದ್ದಾರೆ. ಇವನು ಮುಂಬಾಗಿಲು ತನ್ನೆದುರು ಬರುವ ಹೊತ್ತಿಗೆ ಹಾರಿ ಒಳಗೆ ಹೋಗಲು ನೋಡುತ್ತಾನೆ. ಬಾಗಿಲು ಬರುತ್ತದೆ, ಹಾರುತ್ತಾನೆ, ಅಷ್ಟರಲ್ಲಿ ಗೋಡೆ ಬಂದಿರುತ್ತದೆ. ಮತ್ತೆ ಕಾಯುತ್ತಾನೆ. ಅವನ ಮುಖದಲ್ಲಿ ಗಾಬರಿ ಇಲ್ಲ. ಕಣ್ಣಳತೆಯಲ್ಲೇ ಲೆಕ್ಕ ಹಾಕುತ್ತಿದ್ದಾನೆ.

— ಮುಖ ಅಲುಗಾಡಿಸುವುದೇ ಇಲ್ಲ ಆಸಾಮಿ. ಅದು ಅಭಿನಯ ಬಾರದ್ದಕ್ಕೋ, ಬೇಕೆಂದೋ?

— ಐದಾರು ವರ್ಷದ ಹುಡುಗನಾಗಿದ್ದಾಗಲೇ ಕಲಿತದ್ದು. 1895ರಲ್ಲಿ ಕಾನ್ಸಾಸ್‌ನ ಪಿಕ್ವಾ ಅನ್ನುವ ಹಳ್ಳಿಯಲ್ಲಿ ಹುಟ್ಟಿದ, ಅಪ್ಪ ಅಮ್ಮ ಊರೂರು ತಿರುಗುವ ವಾಡ್‌ವಿಲ್ ರಂಗದ ಕಲಾವಿದರು. ‘ದಿ ತ್ರೀ ಕೀಟನ್ಸ್’ ಅನ್ನುವ ಆಟದಲ್ಲಿ ಅಪ್ಪ ಮಗನನ್ನು ರಂಗದ ತುಂಬ ಎತ್ತಿ ಎಸೆಯುತ್ತಿದ್ದ. ಹಿಡಿಯಲು ಅನುಕೂಲವಾಗಲಿ ಅಂತ ಹುಡುಗನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿಕೆ ಹೊಲಿದಿದ್ದರು. ಬಿದ್ದ ಮೇಲೆ ತಾನು ನಕ್ಕರೆ ಜನ ನಗುವುದಿಲ್ಲ, ಗಂಭೀರವಾಗಿ ಎದ್ದು ನಿಂತರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಅನ್ನುವುದು ಅವನಿಗೆ ಅಲ್ಲೇ ಗೊತ್ತಾಯಿತು.

— ಇವತ್ತಾಗಿದ್ದರೆ ಆ ಅಪ್ಪನ ಮೇಲೆ ಕೇಸು ಬೀಳುತ್ತಿತ್ತು.

— ಆಗಲೂ ಮಕ್ಕಳ ರಕ್ಷಣೆಯ ಸಂಘದವರು ಬೆನ್ನು ಹತ್ತಿದ್ದರು. 1917ರಲ್ಲಿ ನ್ಯೂಯಾರ್ಕ್‌ನಲ್ಲಿ ರಾಸ್ಕೋ ಆರ್ಬಕಲ್‌ನ ಪರಿಚಯವಾಯಿತು. ದಢೂತಿ ದೇಹದ ಆ ಹಾಸ್ಯನಟನ ಚಿತ್ರಗಳಲ್ಲಿ ಕೀಟನ್ ಸಿನಿಮಾ ಕಲಿತ. ಮೊದಲು ಮಾಡಿದ ಕೆಲಸ ಕ್ಯಾಮೆರಾ ಬಿಚ್ಚಿ ನೋಡಿದ್ದು ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಮೊದಲ ಮಹಾಯುದ್ಧದ ಕೊನೆಗೆ ಸೇನೆ ಸೇರಿ ಫ್ರಾನ್ಸಿಗೆ ಹೋಗಿಬಂದ. 1920ರಲ್ಲಿ ಆರ್ಬಕಲ್ ದೊಡ್ಡ ಚಿತ್ರಗಳಿಗೆ ಹೋದಾಗ ನಿರ್ಮಾಪಕ ಜೋಸೆಫ್ ಶೆಂಕ್ ಕಿರುಚಿತ್ರಗಳ ಘಟಕವನ್ನು ಕೀಟನ್ ಕೈಗಿಟ್ಟ. ಹಾಲಿವುಡ್‌ನಲ್ಲಿ ಹಿಂದೆ ಚಾಪ್ಲಿನ್ ಕೆಲಸ ಮಾಡಿದ್ದ ಸ್ಟುಡಿಯೋ ಅವನದಾಯಿತು. ಹೊಸ ಘಟಕದಲ್ಲಿ ಮೊದಲು ತೆಗೆದದ್ದು ‘ದಿ ಹೈ ಸೈನ್’ ಅನ್ನುವ ಚಿತ್ರ. ಅದು ಅವನಿಗೆ ಹಿಡಿಸಲಿಲ್ಲ, ಕಪಾಟಿಗೆ ಹಾಕಿದ, ಮರುವರ್ಷ ಬಿಡುಗಡೆಯಾಯಿತು. ತನ್ನ ಹೆಸರಿನಲ್ಲಿ ಮೊದಲು ಹೊರಗೆ ಹೋಗಬೇಕಾದದ್ದು ‘ಒನ್ ವೀಕ್’ ಅಂತ ತೀರ್ಮಾನಿಸಿದ.

— ಸಿನಿಮಾದ ಬಗ್ಗೆ ನನಗೆ ಗೊತ್ತಿರುವುದು ಕಡಿಮೆ. ಆದರೆ ಕ್ಯಾಮೆರಾ ಬಹಳ ದೂರ ನಿಂತಿರುತ್ತದೆ ಅನ್ನಿಸಿತು. ಮುಖ ಹತ್ತಿರದಿಂದ ಕಾಣುವುದೇ ಅಪರೂಪ.

— ನಂಬಿಕೆಗೋಸ್ಕರ. ಗೋಡೆ ಬೀಳುವುದು ಒಂದು ಶಾಟ್, ಅವನು ತಪ್ಪಿಸಿಕೊಂಡದ್ದು ಇನ್ನೊಂದು ಶಾಟ್ ಅಂತ ಕತ್ತರಿಸಿ ಅಂಟಿಸಿದರೆ ನೋಡುವವನಿಗೆ ಅನುಮಾನ. ಮನುಷ್ಯ, ಗೋಡೆ, ನೆಲ, ಮೂರೂ ಒಂದೇ ಚೌಕಟ್ಟಿನಲ್ಲಿ ಇದ್ದರೆ ಆಟದಲ್ಲಿ ಮೋಸವಿಲ್ಲ ಅಂತ ಒಪ್ಪಿಕೊಳ್ಳಲೇಬೇಕು. ಗೋಡೆಯೊಂದು ನಡುವಿನ ಅಕ್ಷದ ಮೇಲೆ ತಿರುಗುತ್ತದಲ್ಲ, ಕೆಳಗಿದ್ದ ಹೆಂಡತಿ ಮೇಲೆ, ಮೇಲಿದ್ದ ಗಂಡ ಕೆಳಗೆ? ಅದನ್ನು ಹತ್ತಿರದಿಂದ ತೆಗೆದಿದ್ದರೆ ಏನೂ ಉಳಿಯುತ್ತಿರಲಿಲ್ಲ. ಗೋಡೆ ಪೂರ್ತಿ ಅವನ ಮೇಲೆ ಮಗುಚಿ, ಕಿಟಕಿಯ ಜಾಗದಲ್ಲಿ ಅವನು ನಿಂತೇ ಇರುವುದೂ ಈ ಚಿತ್ರದಲ್ಲಿ ಇದೆ. ಆರ್ಬಕಲ್ ಜೊತೆ ಮಾಡಿದ ‘ಬ್ಯಾಕ್ ಸ್ಟೇಜ್’ನಲ್ಲಿ ಅದರ ಸಣ್ಣ ರೂಪವಿತ್ತು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಹೊತ್ತಿಗೆ ಅದೇ ಆಟಕ್ಕೆ ಎರಡು ಟನ್ನಿನ ಗೋಡೆ ಬಂತು.

— ಅಂದರೆ ಒಂದೇ ಜೋಕನ್ನು ಒಂಬತ್ತು ವರ್ಷ ಸಾಕಿದ.

— ಸಂಗೀತಗಾರನೊಬ್ಬ ಒಂದೇ ರಾಗವನ್ನು ಜೀವಮಾನವಿಡೀ ಹಾಡಿದರೆ ಯಾರೂ ಆಕ್ಷೇಪಿಸುವುದಿಲ್ಲ.

— ಪೆಟ್ಟಾಗಲಿಲ್ಲವೇ ಅವನಿಗೆ? ಮೇಲಿನ ಆ ಬಾಗಿಲಿನಿಂದ ಹೊರಗೆ ಕಾಲಿಟ್ಟು ಸೀದಾ ನೆಲಕ್ಕೆ ಬರುತ್ತಾನಲ್ಲ.

— ಬೀಳುವ ಜಾಗದಲ್ಲಿ ಆಳವಾಗಿ ಗುಂಡಿ ತೆಗೆದು, ಹುಲ್ಲು ತುಂಬಿ, ಮೇಲೆ ಹುಲ್ಲುಹಾಸಿನ ತುಂಡುಗಳನ್ನು ಮುಚ್ಚಿದ್ದರು. ಅಷ್ಟು ಮಾಡಿದರೂ ಅವನಿಗೆ ಪೆಟ್ಟಾಯಿತು, ಮೊಣಕೈ ಊದಿಕೊಂಡಿತು. ಆ ಬಾಗಿಲನ್ನು ಮತ್ತೆ ನೆನಪಿಸಿಕೊಳ್ಳಿ. ಅದು ಮೊದಲ ನೋಟದಲ್ಲೇ ನಿಮಗೆ ಕಂಡಿದೆ. ಇವನು ಇವತ್ತಲ್ಲ ನಾಳೆ ಅಲ್ಲಿಂದ ಬೀಳುತ್ತಾನೆ ಅಂತ ನಿಮಗೆ ಗೊತ್ತು. ಅದಕ್ಕೆ ಕಾಯುತ್ತೀರಿ. ಅವನು ನಿಮ್ಮನ್ನು ಕಾಯಿಸುತ್ತಾನೆ. ಕಂಬಳಿ ಹಾಸುವ ಪ್ರಸಂಗ, ಪಿಯಾನೊ, ಇನ್ನೇನೋ. ನೀವು ಬಾಗಿಲನ್ನು ಮರೆತ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆಯುತ್ತಾನೆ.

— ಕಂಬಳಿಯದ್ದು ನನಗೆ ಬಹಳ ಹಿಡಿಸಿತು. ನೆಲದ ತುಂಬ ಕಂಬಳಿ ಹಾಸಿ ಸುತ್ತ ಮೊಳೆ ಹೊಡೆದು ಮುಗಿಸಿದ ಮೇಲೆ ನೋಡಿದರೆ ತನ್ನ ಕೋಟು ಕಂಬಳಿಯ ಅಡಿಯಲ್ಲಿ. ನಡುವೆ ಚೌಕ ಕತ್ತರಿಸಿ ಕೋಟು ತೆಗೆಯುತ್ತಾನೆ, ತೂತಿನ ಮೇಲೆ ಒಂದು ಸಣ್ಣ ಜಮಖಾನ ಎಳೆದು ಮುಚ್ಚುತ್ತಾನೆ. ನಾವು ಮಾಡುವ ಪ್ಲಾಸ್ಟರಿಂಗ್ ಕೂಡ ಎಷ್ಟೋ ಸಲ ಅದೇ! ಆದರೆ ಒಂದು ಮಾತು ಕೇಳಬೇಕು. ಹೆಂಡತಿ ಸ್ನಾನ ಮಾಡುವ ದೃಶ್ಯ ಯಾಕೆ ಬೇಕಿತ್ತು? ಇದ್ದಕ್ಕಿದ್ದಂತೆ ಅಗ್ಗದ ಸಿನಿಮಾ ಆಯಿತು ಅನ್ನಿಸಿತು.

— ಸಾಬೂನು ತೊಟ್ಟಿಯಿಂದ ಹೊರಗೆ ಬೀಳುತ್ತದೆ. ಎತ್ತಿಕೊಳ್ಳಬೇಕಾದರೆ ಅವಳು ಏಳಬೇಕು. ನಮ್ಮ ಕಡೆ ನೋಡುತ್ತಾಳೆ. ಆಗ ಒಂದು ಕೈ ಬಂದು ಕ್ಯಾಮೆರಾದ ಕಣ್ಣನ್ನೇ ಮುಚ್ಚುತ್ತದೆ. ಕೈ ಸರಿದಾಗ ಅವಳು ಮತ್ತೆ ನೀರಿನಲ್ಲಿ, ಸಾಬೂನು ಕೈಯಲ್ಲಿ, ಮುಖದಲ್ಲಿ ನಗು. ಅಗ್ಗದ್ದನ್ನು ನಿರೀಕ್ಷಿಸಿದವನು ನಗೆಪಾಟಲಾಗುತ್ತಾನೆ.

— ಆ ಸಮಜಾಯಿಷಿ ನನಗೆ ಸಾಲದು. ಆಸೆ ಹುಟ್ಟಿಸಿದವನೂ ಅವನೇ, ಆಸೆಪಟ್ಟದ್ದಕ್ಕೆ ಛೇಡಿಸುವವನೂ ಅವನೇ.

— ಇರಬಹುದು. ಆ ನಟಿ ಸಿಬಿಲ್ ಸೀಲಿ, ಮ್ಯಾಕ್ ಸೆನೆಟ್‌ನ ಕಂಪನಿಯಲ್ಲಿ ಈಜುಡುಗೆ ತೊಟ್ಟ ಸುಂದರಿಯರ ಸಾಲಿನಲ್ಲಿ ನಿಂತು ಬಂದವಳು. ಪ್ರೇಕ್ಷಕರಿಗೆ ಅವಳು ಹಾಗೇ ಪರಿಚಯ. ಕೀಟನ್ ಆ ಪರಿಚಯವನ್ನು ಬಳಸಿಕೊಂಡ ಅನ್ನುವುದು ನಿಜ. ಆದರೆ ಉಳಿದ ಚಿತ್ರದಲ್ಲಿ ಅವಳನ್ನು ನೋಡಿ. ಮೂಕಿ ಹಾಸ್ಯಚಿತ್ರಗಳಲ್ಲಿ ಹೆಣ್ಣೆಂದರೆ ಕಿರುಚುವವಳು, ಇಲ್ಲವೇ ಕಾಪಾಡಿಸಿಕೊಳ್ಳುವವಳು. ಇವಳು ಹಾಗಲ್ಲ. ಮನೆ ಸೊಟ್ಟಗಿದೆ ಅಂತ ಗಂಡನನ್ನು ಹಂಗಿಸುವುದಿಲ್ಲ. ಗೋಡೆಯ ಮೇಲೆ ಹೃದಯದ ಚಿತ್ರ ಬರೆಯುತ್ತಾಳೆ, ಕೆಲಸಕ್ಕೆ ಕೈ ಜೋಡಿಸುತ್ತಾಳೆ.

— ಹೂಂ. ಕಟ್ಟುವಾಗ ಗಂಡ ಹೆಂಡತಿ ಜಗಳವಾಡದ ಮನೆ. ಚಿತ್ರದಲ್ಲಿ ನಂಬಲು ಕಷ್ಟವಾದದ್ದು ಅದೊಂದೇ!

— ತಿರುಗುವ ಮನೆ ನಂಬಿದಿರಿ, ಇದನ್ನು ನಂಬಲಿಲ್ಲ.

— ಅನುಭವ. ಇರಲಿ, ರೈಲಿನ ವಿಷಯಕ್ಕೆ ಬನ್ನಿ. ಅಲ್ಲಿ ನಾನು ನಿಜವಾಗಿ ಬೇಸ್ತುಬಿದ್ದೆ.

— ಅಲ್ಲಿಗೆ ಬರುವ ಮೊದಲು ಕಾರಿನದ್ದೊಂದಿದೆ. ಮನೆಯನ್ನು ಹಳಿಯ ಆಚೆಗೆ ಸಾಗಿಸಬೇಕು. ಕೆಳಗೆ ಪೀಪಾಯಿಗಳನ್ನು ಕೊಟ್ಟು, ಮಾಡೆಲ್ ಟಿ ಕಾರಿಗೆ ಕಟ್ಟಿ ಎಳೆಯುತ್ತಾರೆ. ಹಗ್ಗ ಸಾಲದಾದಾಗ ಕಾರನ್ನೇ ಮನೆಗೆ ಮೊಳೆ ಹೊಡೆದು ಜೋಡಿಸುತ್ತಾನೆ. ಕಾರಿನ ಮೇಲ್ಭಾಗ ಮನೆಯ ಜೊತೆ ಉಳಿದು, ಚಕ್ರ, ಎಂಜಿನ್ ಮಾತ್ರ ಮುಂದೆ ಹೋಗುತ್ತದೆ. ಫೋರ್ಡ್‌ನ ಪಾಠಚಿತ್ರಕ್ಕೆ ಕೀಟನ್ ಕೊಟ್ಟ ಗುರುದಕ್ಷಿಣೆ.

— ಹಳಿಯ ಮೇಲೆ ಬಂದು ಮನೆ ಸಿಕ್ಕಿಕೊಳ್ಳುತ್ತದೆ. ದೂರದಲ್ಲಿ ರೈಲು. ತಳ್ಳುತ್ತಾರೆ, ಎಳೆಯುತ್ತಾರೆ, ಅಲುಗುವುದಿಲ್ಲ. ಇಬ್ಬರೂ ಪಕ್ಕಕ್ಕೆ ಓಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನೂ ಕುರ್ಚಿಯ ಅಂಚಿಗೆ ಬಂದಿದ್ದೆ. ರೈಲು ಬಂತು, ಮನೆಯ ಪಕ್ಕದ ಹಳಿಯಲ್ಲಿ ಸುಮ್ಮನೆ ಹೊರಟುಹೋಯಿತು! ಎರಡು ಹಳಿ ಇದೆ ಅಂತ ನನಗೆ ಹೊಳೆಯಲೇ ಇಲ್ಲ.

— ಹೊಳೆಯದ ಹಾಗೆ ಕ್ಯಾಮೆರಾ ಇಟ್ಟಿದ್ದಾನೆ. ನಾವು ನೋಡುವ ಕೋನದಿಂದ ಎರಡು ಹಳಿಗಳು ಒಂದೇ ಅನ್ನುವಂತೆ ಕಾಣುತ್ತವೆ. ಏನನ್ನೂ ಬಚ್ಚಿಟ್ಟಿಲ್ಲ. ಇಷ್ಟು ಹೊತ್ತು ನಾವು ಅವನನ್ನು ನೋಡಿ, ಅಯ್ಯೋ, ಕಣ್ಣೆದುರು ಇರುವುದು ಕಾಣುವುದಿಲ್ಲವೇ ಇವನಿಗೆ, ಪೆಟ್ಟಿಗೆಯ ನಂಬರನ್ನೇ ನಂಬಿ ಕೂತಿದ್ದಾನಲ್ಲ ಅಂದುಕೊಳ್ಳುತ್ತಿದ್ದೆವು. ಈಗ ಯಾರು ಕಾಣದೆ ಹೋದವರು?

— ನಾವು ಉಸಿರು ಬಿಟ್ಟೆವು. ಅವರಿಬ್ಬರೂ ಬಿಟ್ಟರು. ಅಷ್ಟರಲ್ಲಿ ಇನ್ನೊಂದು ದಿಕ್ಕಿನಿಂದ ಇನ್ನೊಂದು ರೈಲು ಧಡಾರ್ ಅಂತ ಬಂದು ಮನೆಯನ್ನು ಚಿಂದಿ ಮಾಡಿ ಹೋಯಿತು. ನಾನು ಜೋರಾಗಿ ನಕ್ಕೆ. ಆಮೇಲೆ ನನಗೇ ಸ್ವಲ್ಪ ಕೆಟ್ಟದೆನಿಸಿತು. ಪಾಪ, ಅವರ ಮನೆ ಅಲ್ಲವೇ?

— ಅದೂ ನಿಜವಾದ ರೈಲು, ನಿಜವಾದ ಮನೆ. ಒಂದೇ ಸಲ ಮಾಡಬಹುದಾದ ಕೆಲಸ. ಆ ಕ್ಷಣದಲ್ಲಿ ಕ್ಯಾಮೆರಾ ತಿರುಗಿಸುವ ಕೈ ಹೆಚ್ಚುಕಡಿಮೆ ಮಾಡಿದ್ದರೆ ಎಲ್ಲ ವ್ಯರ್ಥ. ಆಗ ಕ್ಯಾಮೆರಾವನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿಯ ಕೈಗೆ ತಾಳಬದ್ಧತೆ ಎಷ್ಟಿತ್ತೆಂದರೆ ಅವನನ್ನು ನಡೆದಾಡುವ ತಾಳಯಂತ್ರ ಅನ್ನುತ್ತಿದ್ದರು. ಈಗ ನಾವು ಇಂಟರ್ನೆಟ್‌ನಲ್ಲಿ ನೋಡುವ ಕೆಲವು ಪ್ರತಿಗಳಲ್ಲಿ ಎಲ್ಲರೂ ಗುಬ್ಬಚ್ಚಿಯ ಹಾಗೆ ಪುಟಪುಟ ಓಡುತ್ತಾರಲ್ಲ, ಅದಕ್ಕೆ ಕಾರಣ ಹಳೆಯ ಚಿತ್ರವನ್ನು ಅದರದ್ದಲ್ಲದ ವೇಗದಲ್ಲಿ ಓಡಿಸುವುದು. ಅದರ ಮೇಲೆ ಸರ್ಕಸ್ಸಿನ ಬ್ಯಾಂಡಿನಂಥ ಸಂಗೀತ ಬೇರೆ ಅಂಟಿಸಿರುತ್ತಾರೆ. ಮ್ಯೂಟ್ ಮಾಡಿ ನೋಡಿ, ಎಷ್ಟೋ ವಾಸಿ.

— ಅಷ್ಟು ಹಳೆಯದು ಉಳಿದುಬಂದದ್ದೇ ದೊಡ್ಡದು.

— ಕೀಟನ್‌ನ ಎಷ್ಟೋ ಚಿತ್ರಗಳು ಕಳೆದೇ ಹೋಗಬಹುದಿತ್ತು. ಅವನು ಕಟ್ಟಿಸಿ ಕಳೆದುಕೊಂಡ ಬಂಗಲೆಯನ್ನು ಮುಂದೆ ನಟ ಜೇಮ್ಸ್ ಮೇಸನ್ ಕೊಂಡ. ಅಲ್ಲಿ ಬಿಟ್ಟುಹೋಗಿದ್ದ ಡಬ್ಬಗಳಲ್ಲಿ ಕೀಟನ್‌ನ ಹಳೆಯ ಚಿತ್ರಗಳ ಪ್ರತಿಗಳು ಸಿಕ್ಕವು. ‘ಒನ್ ವೀಕ್’ 2008ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

— ಪಟ್ಟಿಗೆ ಸೇರಿದ್ದು ಸಂತೋಷ. ಆದರೆ ಆ ಕೊನೆಯನ್ನು ಹೇಗೆ ತಗೊಳ್ಳುತ್ತೀರಿ? ಮನೆ ಪುಡಿಪುಡಿ. ಇವನು ಆ ಕಸದ ರಾಶಿಯ ಮುಂದೆ ‘ಮಾರಾಟಕ್ಕಿದೆ’ ಅನ್ನುವ ಫಲಕ ನೆಡುತ್ತಾನೆ. ಹೆಂಡತಿಯ ಕೈ ಹಿಡಿದು ಹೊರಡುತ್ತಾನೆ. ಏನೋ ನೆನಪಾಗಿ ವಾಪಸ್ ಬಂದು ಕಟ್ಟುವ ಸೂಚನೆಗಳ ಕಾಗದವನ್ನೂ ಅಲ್ಲೇ ಸಿಕ್ಕಿಸುತ್ತಾನೆ. ಅದು ವ್ಯಂಗ್ಯವೋ, ಸೇಡೋ?

— ಪ್ರಾಮಾಣಿಕತೆ ಅನ್ನುತ್ತೇನೆ ನಾನು. ವಸ್ತು ಮಾರುವಾಗ ಅದರ ಕಾಗದಪತ್ರವನ್ನೂ ಜೊತೆಗೆ ಕೊಡಬೇಕು. ಅವನಿಗೆ ಇನ್ನೂ ಆ ಸೂಚನೆಗಳ ಮೇಲೆ ಸಿಟ್ಟಿಲ್ಲ. ಬಹುಶಃ ಅವನಿಗೆ ತಪ್ಪು ಎಲ್ಲಾಯಿತು ಅನ್ನುವುದು ಗೊತ್ತೇ ಆಗಲಿಲ್ಲ. ನಂಬರ್ ತಿದ್ದಿದ್ದು ನೋಡಿದವರು ನಾವು, ಅವನಲ್ಲ.

— ಹೌದಲ್ಲ! ಕೊನೆಯವರೆಗೂ ಅವನಿಗೆ ಯಾರೂ ಹೇಳಲೇ ಇಲ್ಲ. ಅವನ ಲೆಕ್ಕದಲ್ಲಿ ಆ ಮಾಡೆಲ್ ಇರುವುದೇ ಹಾಗೆ. ಓರೆ ಕಿಟಕಿ, ಹೊರಗಡೆ ಸಿಂಕು, ಎಲ್ಲ ಕಂಪನಿಯ ವಿನ್ಯಾಸ!

— ಅದಕ್ಕೇ ಅತಿಥಿಗಳನ್ನು ಕರೆದು ಹೆಮ್ಮೆಯಿಂದ ತೋರಿಸುತ್ತಾನೆ.

— ಹಾಗಾದರೆ ಆ ಫಲಕ ನೋಡಿ ಯಾರಾದರೂ ಕೊಂಡರೆ?

— ಕೊಂಡವನು ನಿಮ್ಮಂಥವನೇ ಆಗಿರಬೇಕು, ಎಂಜಿನಿಯರು. ಅಂದಹಾಗೆ, ಮರುವರ್ಷದ ‘ದಿ ಬೋಟ್’ ನೋಡಿದ್ದೀರಾ? ಅದೇ ಕೀಟನ್, ಅದೇ ಸಿಬಿಲ್ ಸೀಲಿ, ಈಗ ಇಬ್ಬರು ಮಕ್ಕಳೂ ಇದ್ದಾರೆ.

— ಓ! ಅಂದರೆ ಕೊನೆಗೂ ಅವರಿಗೊಂದು ನೆಟ್ಟಗಿನ ಮನೆ ಸಿಕ್ಕಿತು ಅನ್ನಿ.

— ಸಿಕ್ಕಿತು. ಅದರೊಳಗೆ ದೋಣಿ ಕಟ್ಟಿದ. ಹೊರಗೆ ತರಲು ಬಾಗಿಲು ಸಾಲಲಿಲ್ಲ, ಎಳೆದ. ದೋಣಿ ಬಂತು, ಮನೆ ಬಿತ್ತು.